29 ವಾರಕ್ಕೆ ಹುಟ್ಟಿದ ಮಗು ಕಾಲು ಬಿಗಿ ಹಿಡಿದು ತುದಿಬೆರಳ ಮೇಲೆ ನಿಲ್ಲುತ್ತದೆ: ಇದು ಶಕ್ತಿಯೋ, ತೊಂದರೆಯ ಸೂಚನೆಯೋ?

ತೊಟ್ಟಿಲು (ಪ್ರಶ್ನೆ)

ಮಗುವಿನ ವಿವರ ಹೀಗಿದೆ. 29 ವಾರಕ್ಕೆ ಹೆರಿಗೆ, ಹುಟ್ಟಿದಾಗಿನ ತೂಕ 1,180 ಗ್ರಾಂ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಏಳು ವಾರ. ಈಗ ಹುಟ್ಟಿ ಎಂಟು ತಿಂಗಳು. ಕತ್ತು ನಿಂತಿದೆ. ಅಂಗಾತ ಮಲಗಿಸಿದರೆ ಪಕ್ಕಕ್ಕೆ ಹೊರಳುತ್ತದೆ, ಪೂರ್ತಿ ಬೋರಲಾಗುವುದಿಲ್ಲ. ತೊಡೆಯ ಮೇಲೆ ಕೂರಿಸಿದರೆ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತದೆ. ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದರೆ ಎರಡೂ ಕಾಲು ಕೋಲಿನಂತೆ ನೆಟ್ಟಗಾಗಿ ತುದಿಬೆರಳ ಮೇಲೆ ನಿಲ್ಲುತ್ತದೆ. ನೋಡಿದವರೆಲ್ಲ ‘ಕಾಲು ಗಟ್ಟಿ ಇದೆ, ಬೇಗ ನಡೆಯುತ್ತದೆ’ ಅನ್ನುತ್ತಾರೆ, ವಾಕರ್ ತರುವ ಮಾತೂ ನಡೆದಿದೆ. ತಲೆಯ ಅಲ್ಟ್ರಾಸೌಂಡ್ ಮಾಡಿದ್ದು ಒಂದೇ ಸಲ, ಹುಟ್ಟಿದ ಆರನೇ ದಿನ. ವರದಿ ನಾರ್ಮಲ್.

ತಿಳಿಯಬೇಕಿರುವುದು ಇಷ್ಟು. ಯಾವ ವಯಸ್ಸಿಗೆ ಹೋಲಿಸಿ ನೋಡಬೇಕು? ಈ ಬಿಗುವಿನ ಅರ್ಥವೇನು? ಸ್ಕ್ಯಾನ್ ನಾರ್ಮಲ್ ಬಂದಿರುವುದರಿಂದ ನಿಶ್ಚಿಂತೆಯಿಂದ ಇರಬಹುದೇ? ಓದು, ಗಮನ, ಬುದ್ಧಿಯ ವಿಷಯ ಯಾವಾಗ ಗೊತ್ತಾಗುತ್ತದೆ?

ಹೆಜ್ಜೆಗುರುತು (ಮಕ್ಕಳ ಫಿಸಿಯೋಥೆರಪಿ)

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ. ಪೂರ್ಣ ಗರ್ಭಾವಧಿಯ 40 ವಾರದಲ್ಲಿ 29 ಕಳೆದರೆ 11 ವಾರ, ಅಂದರೆ ಸುಮಾರು ಎರಡೂವರೆ ತಿಂಗಳು. ಎಂಟರಲ್ಲಿ ಅದನ್ನು ಕಳೆದರೆ ಮಗುವಿನ ತಿದ್ದಿದ ವಯಸ್ಸು ಐದೂವರೆ ತಿಂಗಳು. ಎರಡು ವರ್ಷ ತುಂಬುವವರೆಗೂ ಬೆಳವಣಿಗೆಯನ್ನು ಈ ವಯಸ್ಸಿನಲ್ಲೇ ಅಳೆಯಬೇಕು. ಇಲ್ಲಿ ಜನ ಸಾಮಾನ್ಯವಾಗಿ ಮಾಡುವ ತಪ್ಪು, 40ರ ಬದಲು 37ರಿಂದ ಕಳೆಯುವುದು. 37 ಎಂಬುದು ‘ಅವಧಿಪೂರ್ವ’ ಎಂದು ಹೆಸರಿಡುವ ಗಡಿ ಮಾತ್ರ, ಲೆಕ್ಕ ಶುರುವಾಗುವುದು 40ರಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ, ತಾನಾಗಿ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಐದೂವರೆ ತಿಂಗಳ ಮಗು ಇನ್ನೂ ಕೂತಿಲ್ಲ, ಪೂರ್ತಿ ಮಗುಚಿಲ್ಲ ಎಂಬುದು ಅಷ್ಟಕ್ಕೇ ಗಾಬರಿಯ ವಿಷಯವಲ್ಲ. ನನ್ನ ಗಮನ ಹೋಗುವುದು ಹಿಂದಕ್ಕೆ ಬಾಗುವುದರ ಕಡೆ ಮತ್ತು ತುದಿಬೆರಳ ಕಡೆ. ಏನು ಮಾಡುತ್ತದೆ ಎನ್ನುವುದಕ್ಕಿಂತ ಹೇಗೆ ಮಾಡುತ್ತದೆ ಎನ್ನುವುದು ಈ ಮಕ್ಕಳಲ್ಲಿ ಹೆಚ್ಚು ಹೇಳುತ್ತದೆ.

ಗರ್ಭದ ಕೊನೆಯ ಎರಡು ತಿಂಗಳು ಮಗು ಇಕ್ಕಟ್ಟಿನಲ್ಲಿ ಮುದುಡಿಕೊಂಡಿರುತ್ತದೆ. ಮೊಣಕಾಲು ಎದೆಗೆ, ಕೈ ಬಾಯಿಗೆ. ಗರ್ಭಕೋಶದ ಗೋಡೆಗೆ ಒದ್ದು ಮತ್ತೆ ಮುದುಡುವುದೇ ಆಗ ಅದರ ವ್ಯಾಯಾಮ. ಈ ಮಗುವಿಗೆ ಅದು ಸಿಗಲಿಲ್ಲ. ಸ್ನಾಯುಗಳಿಗೆ ಇನ್ನೂ ಬಿಗುವು ಬರುವ ಮೊದಲೇ ಚಪ್ಪಟೆ ಹಾಸಿಗೆಯ ಮೇಲೆ ಗುರುತ್ವದ ಕೈಗೆ ಸಿಕ್ಕಿತು. ಬೆನ್ನಿನ ಕಡೆಯ ಸ್ನಾಯುಗಳು ಮುಂದೆ ಓಡಿದವು, ಹೊಟ್ಟೆಯ ಕಡೆಯವು ಹಿಂದೆ ಬಿದ್ದವು. ಭುಜಗಳು ಹಿಂದಕ್ಕೆ ಸರಿದು, ಕೈಗಳು ತಲೆಯ ಎರಡು ಪಕ್ಕ ಚಾಚಿ, ಎದೆಯ ನಡುವೆ ಒಂದಕ್ಕೊಂದು ಮುಟ್ಟಲಾಗದೆ ಇರುತ್ತವೆ. ನಿಮ್ಮ ಮಗು ಮಲಗಿದ್ದಾಗ ತನ್ನ ಎರಡು ಕೈ ಸೇರಿಸಿ ಆಡುತ್ತದೆಯೇ, ಪಾದ ಹಿಡಿಯಲು ನೋಡುತ್ತದೆಯೇ ಎಂದು ಗಮನಿಸಿ. ಇಲ್ಲವೆಂದರೆ ನಿಲ್ಲುವುದಕ್ಕಿಂತ ಮೊದಲು ಕೆಲಸ ಆಗಬೇಕಾದದ್ದು ಅಲ್ಲಿ.

ಹಾಗಾಗಿ ಆ ‘ಗಟ್ಟಿ ಕಾಲು’ ಶಕ್ತಿ ಅಲ್ಲ. ಶಕ್ತಿ ಇರುವ ಕಾಲು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತದೆ. ಕುಣಿಯುತ್ತದೆ.

ಈ ಬಿಗುವಿನಲ್ಲಿ ಎರಡು ಬಗೆ. ಮೊದಲನೆಯದು ಅವಧಿಪೂರ್ವ ಮಕ್ಕಳಲ್ಲಿ ತಾತ್ಕಾಲಿಕವಾಗಿ ಬರುವಂಥದ್ದು. ತಿದ್ದಿದ ವಯಸ್ಸಿನ 4ರಿಂದ 7 ತಿಂಗಳ ಹೊತ್ತಿಗೆ ಎದ್ದು ಕಾಣುತ್ತದೆ, ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಕರಗುತ್ತದೆ. ಮಗುವಿನ ಸೊಂಟ, ಮೊಣಕಾಲು ಮಡಚಿ ಗುಂಡಗೆ ಎತ್ತಿಕೊಂಡು ಸ್ವಲ್ಪ ಹೊತ್ತು ಇಟ್ಟರೆ ಪಾದ ಸಡಿಲವಾಗುತ್ತದೆ, ಆಟಿಕೆ ಕಂಡಾಗ ಕಾಲು ಮೃದುವಾಗಿ ಆಡುತ್ತದೆ, ಎರಡು ಪಕ್ಕವೂ ಒಂದೇ ತರ ಇರುತ್ತದೆ. ಎರಡನೆಯದು ಹೀಗೆ ಕರಗುವುದಿಲ್ಲ. ಎತ್ತಿದಾಗಲೆಲ್ಲ ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತವೆ, ಡಯಾಪರ್ ಬದಲಿಸುವಾಗ ತೊಡೆ ಅಗಲಿಸಲು ಕಷ್ಟ, ಹೆಬ್ಬೆರಳು ಮುಷ್ಟಿಯೊಳಗೇ ಸಿಕ್ಕಿಕೊಂಡಿರುತ್ತದೆ. ಅಥವಾ ಮಗು ಯಾವಾಗಲೂ ಒಂದೇ ಕೈ ಚಾಚುತ್ತದೆ. ವರ್ಷಕ್ಕಿಂತ ಮೊದಲು ‘ಎಡಚ’ ಅಥವಾ ‘ಬಲಗೈಯವನು’ ಎಂದು ತೀರ್ಮಾನವಾಗುವುದು ಒಳ್ಳೆಯ ಲಕ್ಷಣವಲ್ಲ, ಇನ್ನೊಂದು ಕೈ ಯಾಕೆ ಬರುತ್ತಿಲ್ಲ ಎಂದು ಕೇಳಬೇಕು.

ಮನೆಯಲ್ಲಿ ಕುಳಿತು ಇದನ್ನು ತೀರ್ಮಾನಿಸಲು ಹೋಗಬೇಡಿ. ಪಾದವನ್ನು ಜಗ್ಗಿ, ತಟ್ಟಿ ಪರೀಕ್ಷಿಸಲೂ ಬೇಡಿ. ಆದರೆ ಈ ಕೆಲಸಗಳನ್ನು ಇವತ್ತೇ ಶುರು ಮಾಡಬಹುದು.

ಎತ್ತಿಕೊಳ್ಳುವುದು: ಮಗುವಿನ ಬೆನ್ನು ನಿಮ್ಮ ಎದೆಗೆ, ಮುಖ ಹೊರಗೆ. ಒಂದು ಕೈ ತೊಡೆಗಳ ಕೆಳಗೆ, ಮೊಣಕಾಲು ಸೊಂಟಕ್ಕಿಂತ ಮೇಲೆ, ತೊಡೆ ಸ್ವಲ್ಪ ಅಗಲ. ಭುಜ ಮುಂದಕ್ಕೆ ಬರುವಂತೆ ನಿಮ್ಮ ತೋಳಿನಿಂದ ಒತ್ತಾಸೆ. ಹಿಂದಕ್ಕೆ ಬಾಗುವ ಮಗುವಿನ ತಲೆಯನ್ನು ಕೈಯಿಂದ ಮುಂದಕ್ಕೆ ತಳ್ಳಿದರೆ ಅದು ಇನ್ನಷ್ಟು ಹಿಂದಕ್ಕೆ ಒತ್ತುತ್ತದೆ, ಸೊಂಟ ಮಡಚಿದರೆ ತಾನಾಗಿ ಬಿಡುತ್ತದೆ.

ಮಲಗಿಸುವುದು: ಎಚ್ಚರವಿದ್ದಾಗ, ನೀವು ಪಕ್ಕದಲ್ಲೇ ಇದ್ದಾಗ, ಒಂದು ಮಗ್ಗುಲಿಗೆ ಮಲಗಿಸಿ ಬೆನ್ನಿಗೆ ಸುತ್ತಿದ ಟವೆಲ್ ಒತ್ತು ಕೊಡಿ. ಕೈಗಳೆರಡೂ ತಾವಾಗಿ ಮುಂದೆ ಬಂದು ಸೇರುತ್ತವೆ. ಆಟಿಕೆ ಎದೆಯ ಮಟ್ಟದಲ್ಲಿರಲಿ, ತಲೆಯ ಮೇಲಲ್ಲ. ತಲೆಯ ಮೇಲೆ ಹಿಡಿದರೆ ಮತ್ತೆ ಬಿಲ್ಲು ಬಾಗಿಸಿದಂತೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ, ಸುತ್ತ ಟವೆಲ್, ದಿಂಬು ಏನೂ ಇರಬಾರದು.

ಬೋರಲು: 8–10 ಸೆಂಟಿಮೀಟರ್ ದಪ್ಪಕ್ಕೆ ಸುತ್ತಿದ ಟವೆಲ್ ಎದೆಯ ಕೆಳಗೆ, ಮೊಣಕೈ ಭುಜಕ್ಕಿಂತ ಸ್ವಲ್ಪ ಮುಂದೆ. ನಿಮ್ಮ ಅಂಗೈಯನ್ನು ಕುಂಡಿಯ ಮೇಲಿಟ್ಟು ಭಾರ ಹಿಂದಕ್ಕೆ ಹೋಗುವಂತೆ ಹಗುರಾಗಿ ಒತ್ತಿ, ಆಗ ತಲೆ ಎತ್ತುವುದು ಸುಲಭ. ಎರಡು ಮೂರು ನಿಮಿಷದಂತೆ ದಿನಕ್ಕೆ ಆರೇಳು ಸಲ, ಹಾಲು ಕುಡಿದ ಅರ್ಧ ಗಂಟೆಯ ನಂತರ. ಮುಖ ಕೆಂಪಾಗಿ ಅಳುವವರೆಗೆ ಎಳೆಯಬಾರದು. ಅಳುವ ಮಗು ಕಲಿಯುವುದು ಇನ್ನಷ್ಟು ಬಿಗಿಯಾಗುವುದನ್ನು.

ವಾಕರ್ ಖಂಡಿತ ಬೇಡ. ಅದರಲ್ಲಿ ಮಗು ತುದಿಬೆರಳಿಂದ ನೆಲವನ್ನು ತಳ್ಳುತ್ತದೆ. ಯಾವ ಚಲನೆ ಕಡಿಮೆಯಾಗಬೇಕೋ ಅದನ್ನೇ ದಿನಕ್ಕೆ ನೂರಾರು ಸಲ ಅಭ್ಯಾಸ ಮಾಡಿಸಿದಂತೆ. ಮೆಟ್ಟಿಲಿಂದ ಉರುಳುವ ಅಪಾಯ ಬೇರೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು.

ನವಜಾತ (ನವಜಾತ ಶಿಶು ವೈದ್ಯಕೀಯ)

ಸ್ಕ್ಯಾನ್ ಪ್ರಶ್ನೆಗೆ ಉತ್ತರಿಸುತ್ತೇನೆ. ಆರನೇ ದಿನದ ಒಂದೇ ಅಲ್ಟ್ರಾಸೌಂಡ್ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟಿದೆ.

29 ವಾರದ ಮಿದುಳಿನಲ್ಲಿ ಎರಡು ಕಡೆ ಪೆಟ್ಟು ಬೀಳಬಹುದು. ಮಿದುಳಿನ ಒಳಗಿನ ದ್ರವದ ಕುಹರಗಳ ಅಂಚಿನಲ್ಲಿ ಹೊಸ ಕೋಶಗಳು ಹುಟ್ಟುವ ಜಾಗವೊಂದಿದೆ. ಅಲ್ಲಿಯ ರಕ್ತನಾಳಗಳ ಗೋಡೆ ಬಹಳ ತೆಳು, ರಕ್ತದೊತ್ತಡ ಏರಿಳಿದರೆ ಒಡೆಯುತ್ತವೆ. ಇಂಥ ರಕ್ತಸ್ರಾವ ಬಹುಪಾಲು ಮೊದಲ ಮೂರು ದಿನದಲ್ಲೇ ಆಗುವುದರಿಂದ ಆರನೇ ದಿನದ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಅದು ಇಲ್ಲ ಎಂಬುದು ನಿಜವಾಗಿ ಒಳ್ಳೆಯ ಸುದ್ದಿ.

ಎರಡನೆಯದು ಬಿಳಿ ದ್ರವ್ಯದ ಹಾನಿ. ನರತಂತುಗಳಿಗೆ ಹೊದಿಕೆ ಹಾಕಬೇಕಾದ ಎಳೆಯ ಕೋಶಗಳು ಗರ್ಭದ ಸುಮಾರು 23ರಿಂದ 32 ವಾರದವರೆಗೆ ಆಮ್ಲಜನಕದ ಕೊರತೆಗೂ ಸೋಂಕಿನ ಉರಿಯೂತಕ್ಕೂ ತುಂಬ ಸುಲಭವಾಗಿ ಸಾಯುತ್ತವೆ. ಹೀಗೆ ಸತ್ತ ಜಾಗದಲ್ಲಿ ಚಿಕ್ಕ ಗುಳ್ಳೆಗಳು ಕಾಣಿಸಿಕೊಳ್ಳಲು 2ರಿಂದ 4 ವಾರ ಬೇಕು. ಹೆರಿಗೆಯ ಹೊತ್ತಿಗೆ ಅಥವಾ ಆಮೇಲೆ ಆದ ಹಾನಿಯಾದರೆ ಆರನೇ ದಿನಕ್ಕೆ ಅವು ಸಾಮಾನ್ಯವಾಗಿ ಕಾಣುವುದಿಲ್ಲ. ಹುಟ್ಟಿ ನಾಲ್ಕು ವಾರಕ್ಕೊಂದು, ಗರ್ಭದ ಲೆಕ್ಕದಲ್ಲಿ 36–40 ವಾರ ತುಂಬುವ ಹೊತ್ತಿಗೆ ಇನ್ನೊಂದು ಸ್ಕ್ಯಾನ್ ಬೇಕಿತ್ತು. ಇನ್ನು ಗುಳ್ಳೆಯಾಗದೆ ತೆಳುವಾಗಿ ಹರಡಿದ ಹಾನಿಯನ್ನು ಅಲ್ಟ್ರಾಸೌಂಡ್ ಹಿಡಿಯುವುದಿಲ್ಲ, ಅದಕ್ಕೆ ಎಂಆರ್‌ಐ. ಡಿಸ್ಚಾರ್ಜ್ ಸಾರಾಂಶವನ್ನು ಇನ್ನೊಮ್ಮೆ ಓದಿ ನೋಡಿ, ಆಸ್ಪತ್ರೆಯಲ್ಲೂ ಕೇಳಿ, ನಂತರದ ಸ್ಕ್ಯಾನ್ ಆಗಿದ್ದು ಬರೆಯದೇ ಬಿಟ್ಟಿರಲೂಬಹುದು.

ಕಾಲೇ ಯಾಕೆ ಮೊದಲು ಬಿಗಿಯಾಗುತ್ತದೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮಿದುಳಿನಿಂದ ಕಾಲಿಗೆ ಇಳಿಯುವ ನರತಂತುಗಳು ಕುಹರದ ಗೋಡೆಗೆ ಅಂಟಿಕೊಂಡಂತೆ ಹಾದು ಹೋಗುತ್ತವೆ. ಕೈಯವು ಅದರಾಚೆ, ಮುಖದವು ಇನ್ನೂ ಆಚೆ. ಕುಹರದ ಸುತ್ತ ಹಾನಿಯಾದರೆ ಮೊದಲು ಸಿಕ್ಕಿಬೀಳುವುದು ಕಾಲಿನವು. ಎರಡು ಕಾಲೂ ಬಿಗಿಯಾಗಿ ಕೈ ಬಹುಮಟ್ಟಿಗೆ ಚೆನ್ನಾಗಿರುವ ಸೆರೆಬ್ರಲ್ ಪಾಲ್ಸಿಯ (ಎಳೆಯ ಮಿದುಳಿಗೆ ಬಿದ್ದ ಪೆಟ್ಟಿನಿಂದ ಉಳಿಯುವ ಚಲನೆಯ ತೊಂದರೆ) ಬಗೆ ದಿನ ತುಂಬದ ಮಕ್ಕಳಲ್ಲಿ ಹೆಚ್ಚು ಕಾಣುವುದು ಇದರಿಂದ. ರಕ್ತ ಒಂದು ಪಕ್ಕದ ಮಿದುಳಿನೊಳಗೇ ನುಗ್ಗಿದರೆ, ಅಂದರೆ ನಾಲ್ಕನೇ ದರ್ಜೆಯದಾದರೆ, ಎದುರು ಪಕ್ಕದ ಕೈಕಾಲು ಎರಡಕ್ಕೂ ಪೆಟ್ಟು.

ಇದನ್ನು ಓದಿ ಹೆದರಬೇಡಿ. 28–31 ವಾರಕ್ಕೆ ಹುಟ್ಟಿದವರಲ್ಲಿ ಸೆರೆಬ್ರಲ್ ಪಾಲ್ಸಿ ಆಗುವುದು ಸುಮಾರಾಗಿ ನೂರಕ್ಕೆ ನಾಲ್ಕರಿಂದ ಆರು ಮಕ್ಕಳಲ್ಲಿ. ತೊಂಬತ್ತಕ್ಕಿಂತ ಹೆಚ್ಚು ಮಕ್ಕಳಲ್ಲಿ ಇಲ್ಲ. ಆದರೆ ‘ಕಾದು ನೋಡೋಣ’ ಎಂದು ಎರಡು ವರ್ಷ ಕಳೆಯುವ ಕಾಲ ಮುಗಿದಿದೆ. ಆರು ತಿಂಗಳೊಳಗೇ ಬಹುಪಾಲು ಖಚಿತವಾಗಿ ಹೇಳುವ ಪರೀಕ್ಷೆಗಳು ಈಗ ಇವೆ.

ಒಂದು, ಪ್ರೆಕ್ಟ್ಲ್ ಚಲನಾ ಪರೀಕ್ಷೆ. ಹೆರಿಗೆಯ ನಿರೀಕ್ಷಿತ ದಿನ ಕಳೆದು 9ರಿಂದ 20 ವಾರದೊಳಗೆ ಮಗುವಿನ ಕತ್ತು, ಭುಜ, ಮಣಿಕಟ್ಟು, ಪಾದಗಳಲ್ಲಿ ಸಣ್ಣಗೆ, ಸುತ್ತಿ ಸುತ್ತಿ ಬರುವ ಚಡಪಡಿಕೆಯ ಚಲನೆ ಇರಬೇಕು. 12ರಿಂದ 16ನೇ ವಾರ ನೋಡುವುದು ಉತ್ತಮ. ನಿಮ್ಮ ಮಗುವಿಗೆ ಆ ಕಿಟಕಿ ಮುಚ್ಚಿದೆ. ಆದರೂ ಬರೆಯುತ್ತಿದ್ದೇನೆ, ಇದನ್ನು ಓದುವವರ ಮನೆಯಲ್ಲಿ ಆ ವಯಸ್ಸಿನ ಮಗು ಇರಬಹುದು. ಅಂಗಾತ ಮಲಗಿಸಿ, ತೆಳು ಬಟ್ಟೆ ಹಾಕಿ, ಅಳದೆ ಎಚ್ಚರವಿದ್ದಾಗ, ಆಟಿಕೆಯಾಗಲಿ ನಿಪ್ಪಲ್ ಆಗಲಿ ಕೊಡದೆ, ಮಾತನಾಡಿಸದೆ, ಇಡೀ ಮೈ ಕಾಣುವಂತೆ ಮೂರರಿಂದ ಐದು ನಿಮಿಷ ವಿಡಿಯೋ ಮಾಡಿ ತರಬೇತಿ ಪಡೆದವರಿಗೆ ತೋರಿಸಬಹುದು. ಮಗುವನ್ನು ಮಾತನಾಡಿಸುತ್ತ ತೆಗೆದ ವಿಡಿಯೋ ಉಪಯೋಗಕ್ಕೆ ಬರುವುದಿಲ್ಲ, ಗಮನ ಹೊರಗೆ ಹೋದ ಕೂಡಲೇ ಆ ಚಲನೆ ನಿಲ್ಲುತ್ತದೆ.

ಎರಡು, ಹ್ಯಾಮರ್‌ಸ್ಮಿತ್ ಶಿಶು ನರ ಪರೀಕ್ಷೆ. 26 ಅಂಶ, ಒಟ್ಟು 78 ಅಂಕ, ಹದಿನೈದು ನಿಮಿಷದ ಕೆಲಸ. ತಿದ್ದಿದ 2 ತಿಂಗಳಿಂದ 24 ತಿಂಗಳವರೆಗೆ ಮಾಡಬಹುದು. ನಿಮ್ಮ ಮಗುವಿಗೆ ಈಗ ಆಗಬೇಕಾದದ್ದು ಇದು. ಆರು ತಿಂಗಳಿನ ಹೊತ್ತಿಗೆ 73ಕ್ಕಿಂತ ಕಡಿಮೆ ಬಂದರೆ ಮುಂದಿನ ತಪಾಸಣೆ ಬೇಕು. ಕಡಿಮೆ ಬಂದ ಮಾತ್ರಕ್ಕೆ ಅದೇ ರೋಗನಿರ್ಣಯವಲ್ಲ, ಮೊದಲ ಉತ್ತರದಲ್ಲಿ ಹೇಳಿದ ತಾತ್ಕಾಲಿಕ ಬಿಗುವೂ ಅಂಕ ಇಳಿಸುತ್ತದೆ. ಎರಡು ತಿಂಗಳ ಅಂತರದಲ್ಲಿ ಮತ್ತೆ ಮಾಡಿದಾಗ ಅಂಕ ಏರುತ್ತಿದೆಯೇ, ನಿಂತಿದೆಯೇ ಎಂಬುದು ಒಂದು ಸಲದ ಅಂಕಕ್ಕಿಂತ ಮುಖ್ಯ.

ತೊಟ್ಟಿಲು

ತುಂಬ ಉಪಕಾರವಾಯಿತು. ಮಲಗಿದಾಗ ಎರಡು ಕೈ ಸೇರಿಸುವುದು ಅಪರೂಪ, ಮುಷ್ಟಿ ಬಿಚ್ಚುತ್ತದೆ, ಎರಡು ಪಕ್ಕ ಒಂದೇ ತರ ಇದೆ. ಎರಡು ಸಣ್ಣ ಸಂದೇಹ. ಲಸಿಕೆ, ಮೇಲಾಹಾರಕ್ಕೂ 11 ವಾರ ಕಳೆಯಬೇಕೇ? ‘ಎರಡು ವರ್ಷಕ್ಕೆ ಎಲ್ಲ ಸರಿಸಮ ಆಗುತ್ತದೆ’ ಎನ್ನುವುದು ನಿಜವೇ?

ನವಜಾತ

ಲಸಿಕೆಗೆ ಕಳೆಯಬಾರದು, ಹುಟ್ಟಿದ ದಿನದಿಂದಲೇ ಎಣಿಸಿ. ಇಲ್ಲಿ ತಡ ಮಾಡಿದರೆ ಯಾರಿಗೆ ರಕ್ಷಣೆ ಹೆಚ್ಚು ಬೇಕೋ ಅವರಿಗೇ ಸಿಗದಂತಾಗುತ್ತದೆ. ಮೇಲಾಹಾರಕ್ಕೆ ತಿದ್ದಿದ ವಯಸ್ಸು ನೋಡಿ, ಜೊತೆಗೆ ಕತ್ತು ಸ್ಥಿರವಾಗಿರಬೇಕು, ಆಸರೆ ಕೊಟ್ಟರೆ ಕೂರಬೇಕು, ನಾಲಿಗೆ ಚಮಚವನ್ನು ಹೊರದಬ್ಬಬಾರದು. ಹಿಂದಕ್ಕೆ ಬಾಗಿದ ಸ್ಥಿತಿಯಲ್ಲಿ ತಿನ್ನಿಸಬೇಡಿ, ಗಂಟಲಿಗೆ ಹತ್ತುತ್ತದೆ.

ಕಬ್ಬಿಣದ ಹನಿ ನಿಂತಿದೆಯೇ ನೋಡಿ. ಮಗುವಿಗೆ ತಾಯಿಯಿಂದ ಕಬ್ಬಿಣ ಸೇರುವುದು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲಿ, ಈ ಮಗುವಿಗೆ ಆ ಸಂಗ್ರಹ ಸಿಕ್ಕಿಲ್ಲ. ಸಾಮಾನ್ಯವಾಗಿ ಕಿಲೋ ತೂಕಕ್ಕೆ ದಿನಕ್ಕೆ 2ರಿಂದ 4 ಮಿಲಿಗ್ರಾಂ ಕೊಡುತ್ತಾರೆ, ಎಷ್ಟು, ಎಲ್ಲಿಯವರೆಗೆ ಎಂಬುದನ್ನು ನಿಮ್ಮ ವೈದ್ಯರು ಹೇಳಲಿ. ಎಡವುವುದು ಎಲ್ಲಿ ಅಂದರೆ, ಒಂದೂವರೆ ಕಿಲೋ ಇದ್ದಾಗ ಬರೆದ ಹನಿಯ ಲೆಕ್ಕವೇ ಆರು ಕಿಲೋ ಆದಾಗಲೂ ನಡೆಯುತ್ತಿರುತ್ತದೆ. ಕಬ್ಬಿಣದ ಕೊರತೆ ಮಿದುಳಿನ ವೇಗಕ್ಕೇ ಹೊಡೆತ.

ಹಾಗೆಯೇ ಕಣ್ಣು, ಕಿವಿ. ರೆಟಿನಾ ತಪಾಸಣೆ ಮುಗಿದಿದ್ದರೂ ಮೆಳ್ಳೆಗಣ್ಣು, ದೃಷ್ಟಿದೋಷ ಈ ಮಕ್ಕಳಲ್ಲಿ ಹೆಚ್ಚು, ವರ್ಷದೊಳಗೆ ಇನ್ನೊಮ್ಮೆ ತೋರಿಸಿ. ಎನ್‌ಐಸಿಯುನಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಮಗುವಿಗೆ ಶ್ರವಣ ನರದ ಪ್ರತಿಕ್ರಿಯೆ ನೋಡುವ ಎಬಿಆರ್ ಪರೀಕ್ಷೆಯೇ ಆಗಬೇಕು. ಒಳಗಿವಿಯನ್ನಷ್ಟೇ ನೋಡುವ ಚಿಕ್ಕ ಪರೀಕ್ಷೆಯಲ್ಲಿ ಪಾಸಾದರೂ ನರದ ದೋಷ ತಪ್ಪಿಹೋಗಬಹುದು.

ಅಂಕಿಕಲಿಕೆ (ಮಕ್ಕಳ ಮನಶ್ಶಾಸ್ತ್ರ, ವಿಶೇಷ ಶಿಕ್ಷಣ)

‘ಎರಡು ವರ್ಷಕ್ಕೆ ಸರಿಸಮ’ ಎನ್ನುವುದು ವಯಸ್ಸಿನ ಲೆಕ್ಕಕ್ಕೆ ಮಾತ್ರ ಸರಿ. ಎರಡು ವರ್ಷದ ನಂತರ 11 ವಾರ ಕಳೆಯುವುದರಿಂದ ದೊಡ್ಡ ವ್ಯತ್ಯಾಸವಾಗುವುದಿಲ್ಲ, ಅಷ್ಟೇ. ಮಿದುಳಿನ ವಿಷಯದಲ್ಲಿ ಆ ಮಾತು ಅನೇಕ ಮಕ್ಕಳ ಫೈಲನ್ನು ಬೇಗ ಮುಚ್ಚಿಸಿದೆ.

32 ವಾರಕ್ಕಿಂತ ಮೊದಲು ಹುಟ್ಟಿದ ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿ ಪರೀಕ್ಷಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದರೆ, ದಿನ ತುಂಬಿ ಹುಟ್ಟಿದವರಿಗಿಂತ ಬುದ್ಧಿಸೂಚ್ಯಂಕ ಸರಾಸರಿ 11ರಿಂದ 13 ಅಂಕ ಕಡಿಮೆ. ಇದು ಗುಂಪಿನ ಸರಾಸರಿ, ಬಹಳಷ್ಟು ಮಕ್ಕಳು 85–115ರ ಸಾಮಾನ್ಯ ವ್ಯಾಪ್ತಿಯಲ್ಲೇ ಇರುತ್ತಾರೆ. ತೊಂದರೆ ಇರುವುದು ಒಟ್ಟು ಅಂಕಕ್ಕಿಂತ ಅದರ ಒಳಗೆ. ಶಬ್ದಸಂಪತ್ತು ಚೆನ್ನಾಗಿರುತ್ತದೆ, ಮಾತು ಸರಾಗ. ವೇಗ, ಕೆಲಸದ ನೆನಪು (ಕೆಲಸ ಮಾಡುತ್ತಿರುವಷ್ಟು ಹೊತ್ತು ವಿಷಯವನ್ನು ತಲೆಯಲ್ಲಿ ಹಿಡಿದಿಡುವುದು), ಜಾಗದ ಅಂದಾಜು ಈ ಮೂರು ಕುಗ್ಗಿರುತ್ತವೆ. ಇವೆಲ್ಲ ಬಂದು ಸೇರುವ ವಿಷಯ ಗಣಿತ. ಆದ್ದರಿಂದಲೇ ಈ ಮಕ್ಕಳಲ್ಲಿ ಓದಿಗಿಂತ ಗಣಿತ ಹೆಚ್ಚು ಹಿಂದೆ ಬೀಳುತ್ತದೆ.

ಹತ್ತಿರದಿಂದ ನೋಡಿದರೆ ಅದು ಹೀಗೆ ಕಾಣುತ್ತದೆ. 47ಕ್ಕೆ 38 ಕೂಡಿಸುವ ಮಗು 7 ಮತ್ತು 8 ಸೇರಿ 15 ಎಂದು ಸರಿಯಾಗಿ ಹೇಳುತ್ತದೆ. 5 ಬರೆಯುವ ಹೊತ್ತಿಗೆ ಕೈಲಿದ್ದ ಒಂದು ಮರೆತಿರುತ್ತದೆ. ಉತ್ತರ 75. ಉತ್ತರ 75. ಟೀಚರ್ ‘ಅಜಾಗರೂಕತೆ’ ಎಂದು ಕೆಂಪು ಗೆರೆ ಎಳೆಯುತ್ತಾರೆ. ಅದು ಅಜಾಗರೂಕತೆ ಅಲ್ಲವೇ ಅಲ್ಲ. ಚೌಕಳಿ ಹಾಳೆ ಕೊಟ್ಟು ಒಂದು ಚೌಕಕ್ಕೆ ಒಂದೇ ಅಂಕಿ ಬರೆಸಿ, ಕೈಲಿರುವ ಅಂಕಿಗೆ ಮೇಲೊಂದು ಖಾಲಿ ಚೌಕ ಬಿಡಿಸಿ, ಪುಟಕ್ಕೆ ಹನ್ನೆರಡರ ಬದಲು ನಾಲ್ಕು ಲೆಕ್ಕ ಕೊಡಿ. ಅದೇ ಮಗು ಸರಿ ಮಾಡುತ್ತದೆ. ಸೂಚನೆ ಒಂದು ಸಲಕ್ಕೆ ಒಂದೇ ಇರಲಿ. ‘ಪುಸ್ತಕ ತೆಗೆ, 32ನೇ ಪುಟ, ಮೂರನೇ ಲೆಕ್ಕ’ ಎಂದು ಒಟ್ಟಿಗೆ ಹೇಳಿದರೆ ಪುಸ್ತಕ ಮಾತ್ರ ಹೊರಬರುತ್ತದೆ.

ಗಮನದ ತೊಂದರೆಯೂ ಈ ಮಕ್ಕಳಲ್ಲಿ ಬೇರೆ ತರ. ಹೆಚ್ಚಾಗಿ ಓಡಾಟ, ಗದ್ದಲ ಇರುವುದಿಲ್ಲ. ಸುಮ್ಮನೆ ಕೂತಿರುತ್ತಾರೆ, ಮನಸ್ಸು ಮಾತ್ರ ಜಾರಿರುತ್ತದೆ. ಯಾರಿಗೂ ತೊಂದರೆ ಕೊಡದ ಕಾರಣ ಯಾರೂ ಗಮನಿಸುವುದಿಲ್ಲ. ಜೊತೆಗೆ ಸೆರೆಬ್ರಲ್ ಪಾಲ್ಸಿ ಇಲ್ಲದ ಮಕ್ಕಳಲ್ಲೂ ಚಲನೆಯ ಹೊಂದಾಣಿಕೆ ಕುಗ್ಗಿರಬಹುದು: ಗುಂಡಿ ಹಾಕಲು, ಚೆಂಡು ಹಿಡಿಯಲು, ಬರೆಯಲು ಕಷ್ಟ. ಇದನ್ನು ಐದು ವರ್ಷಕ್ಕಿಂತ ಮೊದಲು ಖಚಿತವಾಗಿ ಹೇಳುವುದು ಕಷ್ಟ. ಸ್ಕ್ಯಾನ್ ನಾರ್ಮಲ್ ಇದ್ದ ಮಕ್ಕಳಲ್ಲೂ ಇದು ಬರುತ್ತದೆ.

ಪರೀಕ್ಷೆ ಯಾವಾಗ ಎಂದರೆ: ತಿದ್ದಿದ ಎರಡು ವರ್ಷಕ್ಕೆ ಬೇಲಿ (Bayley) ಎಂಬ ಬೆಳವಣಿಗೆಯ ಮಾಪನದಂಥದ್ದು. ಆದರೆ ಅದರಲ್ಲಿ ಒಳ್ಳೆಯ ಅಂಕ ಬಂದರೆ ಶಾಲೆಯಲ್ಲೂ ಚೆನ್ನಾಗಿರುತ್ತದೆ ಎಂಬ ಭರವಸೆ ಇಲ್ಲ, ಕೆಟ್ಟ ಅಂಕ ಬಂದರೆ ಹಾಗೇ ಉಳಿಯುತ್ತದೆ ಎಂದೂ ಇಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆಯ 2017ರ ಮಾರ್ಗಸೂಚಿ 28 ವಾರಕ್ಕಿಂತ ಮೊದಲು ಹುಟ್ಟಿದವರಿಗೆ ನಾಲ್ಕು ವರ್ಷಕ್ಕೆ ಮತ್ತೊಂದು ಪೂರ್ಣ ಪರೀಕ್ಷೆ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ 29 ವಾರದ ಮಗುವಿಗೂ ಅದನ್ನು ಮಾಡಿಸುವುದೇ ಒಳ್ಳೆಯದು. ಏಳೆಂಟು ವರ್ಷಕ್ಕೆ ಗಣಿತ, ವೇಗ, ಗಮನ ಇನ್ನೊಮ್ಮೆ. ಶಾಲೆಗೆ ಸೇರಿಸುವಾಗ ಒಂದು ಮಾತು: ಮಗು ಎರಡೂವರೆ ತಿಂಗಳು ಮೊದಲೇ ಹುಟ್ಟಿದ್ದರಿಂದ, ಹುಟ್ಟಬೇಕಿದ್ದ ದಿನದ ಪ್ರಕಾರ ಸೇರಬೇಕಾದ ತರಗತಿಗಿಂತ ಒಂದು ವರ್ಷ ಮೊದಲೇ ಸೇರಿಬಿಡಬಹುದು. ಗಡಿ ದಿನಾಂಕದ ಆಸುಪಾಸಿನಲ್ಲಿದ್ದರೆ ಒಂದು ವರ್ಷ ತಡೆಯಿರಿ ಎಂದೇ ನಾನು ಹೇಳುವುದು.

ಈಗ, ಐದೂವರೆ ತಿಂಗಳಲ್ಲಿ ಮಾಡಬೇಕಾದದ್ದು ಫ್ಲಾಶ್‌ಕಾರ್ಡ್ ಅಲ್ಲ, ಸರದಿಯ ಮಾತು. ಮುಖ ಎದುರಿಟ್ಟು ಒಂದು ಮಾತು ಆಡಿ, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಈ ಮಕ್ಕಳು ಉತ್ತರಿಸುವುದು ನಿಧಾನ, ಅಷ್ಟರಲ್ಲಿ ದೊಡ್ಡವರು ಇನ್ನೊಂದು ಮಾತು ತುರುಕಿಬಿಡುತ್ತಾರೆ. ಮಗು ಮುಖ ತಿರುಗಿಸಿದರೆ, ಬೆರಳು ಅಗಲಿಸಿ ಚಾಚಿದರೆ, ಆಕಳಿಸಿದರೆ ‘ಸಾಕು’ ಎಂದರ್ಥ. ಅದಕ್ಕೆ ಬೇಸರವಾಗಿಲ್ಲ, ತುಂಬಿಹೋಗಿದೆ. ನಿಲ್ಲಿಸಿ, ಮತ್ತೆ ತಿರುಗಿ ನೋಡಿದಾಗ ಮುಂದುವರಿಸಿ.

ಹೆಜ್ಜೆಗುರುತು

ಕೈ ಸೇರಿಸುವುದು ಅಪರೂಪ ಎಂದಿರಿ. ಹಾಗಾದರೆ ಮಗ್ಗುಲ ಆಟವನ್ನು ದಿನಕ್ಕೆ ಎಂಟು ಹತ್ತು ಸಲ, ಎರಡೂ ಪಕ್ಕಕ್ಕೆ ಸಮನಾಗಿ ಮಾಡಿಸಿ. ಬೋರಲಾಗುವುದನ್ನು ಕಲಿಸಬೇಕಾದದ್ದೂ ಅಲ್ಲಿಂದಲೇ: ಮಗ್ಗುಲಲ್ಲಿರುವಾಗ ಮೇಲಿನ ಕಾಲಿನ ಮೊಣಕಾಲು ಮಡಚಿ ಮುಂದಕ್ಕೆ ತಂದು ಅಲ್ಲೇ ಹಿಡಿದುಕೊಳ್ಳಿ, ಉಳಿದದ್ದನ್ನು ಮಗು ಮಾಡಲಿ. ನೀವೇ ಪೂರ್ತಿ ಹೊರಳಿಸಿಬಿಟ್ಟರೆ ಅದು ನಿಮ್ಮ ವ್ಯಾಯಾಮ. ಎಣ್ಣೆ ಹಚ್ಚಿ ತಿಕ್ಕುವುದು, ಕಾಲು ಎಳೆಯುವುದು ಇದಕ್ಕೆ ಬದಲಿಯಲ್ಲ, ಮಗು ತಾನೇ ಪ್ರಯತ್ನಿಸಿದ ಚಲನೆ ಮಾತ್ರ ಮಿದುಳಿಗೆ ಪಾಠ.

ಎರಡು ವಿಡಿಯೋ ತೆಗೆದಿಟ್ಟುಕೊಳ್ಳಿ, ಇವತ್ತೊಂದು, ಮೂರು ವಾರ ಬಿಟ್ಟೊಂದು. ಒಂದೇ ಚಾಪೆ, ಒಂದೇ ಕೋನ, ಅಂಗಾತ ಎರಡು ನಿಮಿಷ, ಬೋರಲು ಒಂದು ನಿಮಿಷ. ಹ್ಯಾಮರ್‌ಸ್ಮಿತ್ ಮಾಡುವವರ ಬಳಿ ಹೋಗುವಾಗ ಅದನ್ನೂ ಡಿಸ್ಚಾರ್ಜ್ ಸಾರಾಂಶವನ್ನೂ ಒಯ್ಯಿರಿ. ಪರೀಕ್ಷೆಗೆ ಹೋಗುವ ಮೊದಲೇ ಕತ್ತರಿ ಕಾಲು, ಒಂದೇ ಕೈ, ಇದ್ದ ಕೌಶಲ ಹೋಗುವುದು, ತಲೆಯ ಸುತ್ತಳತೆ ಇದ್ದಕ್ಕಿದ್ದಂತೆ ಏರುವುದು, ಅಥವಾ ಇದ್ದಕ್ಕಿದ್ದಂತೆ ಮೈ ಮುದುಡಿ ಬೆಚ್ಚಿಬೀಳುವುದು ಸಾಲುಸಾಲಾಗಿ ಬರುವುದು ಕಂಡರೆ ಆ ದಿನವೇ ವೈದ್ಯರಿಗೆ ತೋರಿಸಿ.